ತೊಂಬತ್ತಾರರ ಎರಡು ಬಾಟಲಿ

ಸಂತ ಮಾರ್ಟಿನನ ಹಬ್ಬದ ದಿನ ಬೆಳಿಗ್ಗೆ ಏಳಕ್ಕೆಲ್ಲ ಕ್ಲೇಲಿಯಾ ಎರಡು ಬಾಟಲಿ ಕೆಂಪು ವೈನಿನ ಬಿರಡೆ ತೆಗೆದಳು. ಗಷ್ಟು ತಳಕ್ಕೆ ಇಳಿಯಲಿ ಎಂದು ಮೂರು ದಿನ ಮುಂಚೆಯೇ ಅವನ್ನು ನೆಲಮಾಳಿಗೆಯಿಂದ ತಂದು ಅಡುಗೆಮನೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದಳು. ಒಂದು ಅವಳದು, ಇನ್ನೊಂದು ತಂಗಿ ವಿಲ್ಮಾಳದು. ಬಿರಡೆ ತೆಗೆಯುವಾಗ ಕಿಟಕಿ ತೆರೆದಿಟ್ಟು ಮುಖವನ್ನು ಆ ಕಡೆ ತಿರುಗಿಸಿಕೊಂಡಿದ್ದಳು. ಇಬ್ಬರೂ ಎದುರೆದುರು ಕೂರುವ ತನಕ ಯಾರೂ ಮೂಗು ಹಾಕಬಾರದು ಎಂಬುದು ಕರಾರು, ಮತ್ತು ಕ್ಲೇಲಿಯಾ ತನ್ನ ಅರವತ್ತೊಂಬತ್ತು ವರ್ಷದಲ್ಲಿ ಒಂದು ಕರಾರನ್ನೂ ಮುರಿದವಳಲ್ಲ. ಆ ಹೆಮ್ಮೆಯೊಂದನ್ನು ಬಿಟ್ಟರೆ ಅವಳಿಗೆ ಆ ಮನೆಯಲ್ಲಿ ಬೇರೆ ಜೊತೆ ಇರಲಿಲ್ಲ.

ಎರಡೂ ತೊಂಬತ್ತಾರನೇ ಇಸವಿಯ ಫಸಲು. ಒಂದೇ ಇಳಿಜಾರಿನ ನೆಬ್ಬಿಯೋಲೋ ದ್ರಾಕ್ಷಿ, ಒಂದೇ ವಾರದಲ್ಲಿ ಕೊಯ್ದದ್ದು. ವ್ಯತ್ಯಾಸ ಇಷ್ಟೇ: ಒಂದು ಅಪ್ಪನ ಕಾಲದ ದೊಡ್ಡ ಪೀಪಾಯಿಯಲ್ಲಿ ಐದು ವರ್ಷ ಕೂತಿತ್ತು, ಇನ್ನೊಂದು ಫ್ರಾನ್ಸಿನಿಂದ ತರಿಸಿದ ಹೊಸ ಓಕ್ ಮರದ ಸಣ್ಣ ಪೀಪಾಯಿಯಲ್ಲಿ ಎರಡು ವರ್ಷ. ಇಷ್ಟಕ್ಕೇ ಅಕ್ಕತಂಗಿಯರು ಇಪ್ಪತ್ತೆರಡು ವರ್ಷ ಮಾತು ಬಿಟ್ಟರು ಎಂದರೆ ಬೇರೆ ಕಡೆಯವರು ನಗಬಹುದು. ಈ ದ್ರಾಕ್ಷಿ ಬೆಳೆಯುವ ಲಾಂಗೆಯ ಗುಡ್ಡಗಳಲ್ಲಿ ಯಾರೂ ನಗುವುದಿಲ್ಲ. ಪೀಪಾಯಿಯ ಅಳತೆಗಾಗಿ ಅಲ್ಲಿ ಅಪ್ಪ ಮಕ್ಕಳು ಬೇರೆ ಬೇರೆ ಒಲೆ ಹೂಡಿದ್ದಾರೆ, ಗಂಡ ಹೆಂಡತಿ ಚರ್ಚಿನಲ್ಲಿ ಬೇರೆ ಬೇರೆ ಬೆಂಚು ಹಿಡಿದಿದ್ದಾರೆ.

ಅಪ್ಪ ತೀರಿಕೊಂಡಿದ್ದು ತೊಂಬತ್ತಾರರ ವಸಂತದಲ್ಲಿ. ಫಸಲು ಮೊದಲ ಬಾರಿಗೆ ಹೆಣ್ಣುಮಕ್ಕಳಿಬ್ಬರ ಕೈಗೆ ಬಂತು. ಕ್ಲೇಲಿಯಾ ಅಪ್ಪ ಮಾಡುತ್ತಿದ್ದಂತೆಯೇ ಮಾಡಿದಳು. ವಿಲ್ಮಾ ಹಟ ಹಿಡಿದು ಒಂದೇ ಒಂದು ಸಣ್ಣ ಪೀಪಾಯಿ ತರಿಸಿ ತುಂಬಿಸಿದಳು, ಮುನ್ನೂರು ಬಾಟಲಿಯಷ್ಟು. ತೊಂಬತ್ತೊಂಬತ್ತರ ಈಸ್ಟರ್ ಊಟಕ್ಕೆ ನೆಂಟರೆಲ್ಲ ಸೇರಿದ್ದಾಗ ಅವಳು ಅದರಿಂದ ಒಂದು ಹೂಜಿ ತುಂಬಿಸಿ ತಂದಳು. ಕ್ಲೇಲಿಯಾ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಎಲ್ಲರ ಎದುರಿಗೇ ತಟ್ಟೆಗೆ ಉಗಿದಳು.

‘ಇದು ವೈನಲ್ಲ. ಬಡಗಿ ಅಂಗಡಿ ನೆಲ ಗುಡಿಸಿ ನೀರಿಗೆ ಹಾಕಿದಂಗಿದೆ.’

ನೆಂಟರು ನಕ್ಕರು. ವಿಲ್ಮಾ ನಗಲಿಲ್ಲ, ಅಳಲೂ ಇಲ್ಲ. ‘ಇಪ್ಪತ್ತೈದು ವರ್ಷ ಆಗ್ಲಿ ಅಕ್ಕ,’ ಎಂದಳು. ‘ಈ ಫಸಲಿಗೆ ಇಪ್ಪತ್ತೈದು ತುಂಬಿದ ಸಂತ ಮಾರ್ಟಿನನ ದಿನ ಬರ್ತೀನಿ. ಅಲ್ಲೀವರೆಗೂ ನನ್ನದನ್ನ ನೀನೂ ಮುಟ್ಟಬೇಡ, ನಾನೂ ಮುಟ್ಟಲ್ಲ. ಅವತ್ತು ನಿಂದೂ ನಂದೂ ಪಕ್ಕಪಕ್ಕ ಇಟ್ಟು ಕುಡಿಯೋಣ, ಸೋತವರು ಗೆದ್ದವರ ಮುಖ ನೋಡಿ ಹೇಳ್ಬೇಕು, ನೀನೇ ಸರಿ, ನಾನು ತಪ್ಪು ಅಂತ.’

ಆ ಬೇಸಿಗೆಯಲ್ಲಿ ಬಾಟಲಿ ತುಂಬಿಸಿ, ನೆಲಮಾಳಿಗೆಯ ಕೊನೆಯ ಗೂಡಿನಲ್ಲಿ ಮಲಗಿಸಿ, ಟ್ಯೂರಿನ್‌ಗೆ ಹೋದವಳು ಅಲ್ಲಿ ಚಾಕೊಲೇಟು ಮಾಡುವ ಅಂಗಡಿಯೊಂದಕ್ಕೆ ಸೇರಿಕೊಂಡಳು. ನೆಂಟರ ಸಾವಿಗೆ, ಮದುವೆಗೆ ಬಂದಾಗ ಅಕ್ಕತಂಗಿ ಕೆನ್ನೆಗೆ ಕೆನ್ನೆ ತಾಗಿಸಿದ್ದುಂಟು. ವೈನಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಆ ಮಾತನ್ನು ಬಿಟ್ಟ ಮೇಲೆ ಅವರಿಬ್ಬರಿಗೆ ಆಡಲು ಬೇರೆ ಮಾತೇ ಇರಲಿಲ್ಲ.

ತನ್ನ ಪಾಲಿನದನ್ನು ಕ್ಲೇಲಿಯಾ ಪೀಪಾಯಿಯಿಂದ ಬಾಟಲಿಗೆ ಇಳಿಸಿದ ಮೇಲೆ ವರ್ಷಕ್ಕೊಂದರಂತೆ ತೆಗೆದು ನೋಡುತ್ತ ಬಂದಳು. ಅದಕ್ಕೆ ಕರಾರಿನಲ್ಲಿ ಅಡ್ಡಿಯಿರಲಿಲ್ಲ. ಪ್ರತಿ ಸಂತ ಮಾರ್ಟಿನನ ದಿನ ಒಬ್ಬಳೇ ಕೂತು ಒಂದು ಗ್ಲಾಸು ಕುಡಿದು, ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು ಮಾತು ಬರೆದಿಡುವಳು. ‘ಮುಚ್ಚಿಕೊಂಡಿದೆ.’ ‘ಮಲಗಿದೆ.’ ‘ಏಳಲು ಇನ್ನೂ ಟೈಮು ಬೇಕು.’ ನೆಬ್ಬಿಯೋಲೋ ಬೆಳೆಯುವವರಿಗೆ ಇದು ಹುಟ್ಟಿನಿಂದ ಬಂದ ತಾಳ್ಮೆ. ಆ ದ್ರಾಕ್ಷಿಯ ವೈನ್ ಐದಾರು ವರ್ಷ ಮುನಿದು ಕೂರುತ್ತದೆ, ಆಮೇಲೆ ಒಂದು ದಿನ ತಾನಾಗಿ ಬಾಯಿಬಿಡುತ್ತದೆ. ಅದಕ್ಕೇ ಬಾಟಲಿ ತೆಗೆದಾಗ ಏನೂ ಸಿಗದಿದ್ದರೆ ಅಲ್ಲಿನವರು ವೈನನ್ನು ಬೈಯುವುದಿಲ್ಲ, ಕಾಯುತ್ತಾರೆ. ಕ್ಲೇಲಿಯಾ ಹತ್ತೊಂಬತ್ತು ವರ್ಷ ಕಾದಳು. ವರ್ಷ ವರ್ಷವೂ ಬಣ್ಣ ಒಂದಿಷ್ಟು ಕಂದಾಗುತ್ತಿತ್ತು, ಬಾಟಲಿಯ ಕತ್ತಿನಲ್ಲಿದ್ದ ವೈನಿನ ಮಟ್ಟ ಭುಜಕ್ಕೆ ಇಳಿಯುತ್ತಿತ್ತು. ಅವಳು ಮಲಗಿದೆ ಎಂದೇ ಬರೆದಳು.

ಹತ್ತೂವರೆಗೆ ಪಕ್ಕದ ಮನೆಯ ರೇಮೋ ಬಾಗಿಲಲ್ಲಿ ತಲೆ ಹಾಕಿದ. ಊರವರ ಕೆಟ್ಟುಹೋದ ವೈನನ್ನೆಲ್ಲ ಒಯ್ದು ವಿನಿಗರ್ ಮಾಡಿ ಮಾರುವವನು ಅವನು. ಮದುವೆಯಾಗದ ಹೆಂಗಸನ್ನು ಆ ಕಡೆ ಎಷ್ಟು ವಯಸ್ಸಾದರೂ ತೋತಾ ಎಂದೇ ಕರೆಯುವುದು.

‘ಏನ್ ತೋತಾ ಕ್ಲೇಲಿಯಾ, ಒಲೆ ಹಚ್ಚಿಲ್ಲ, ಬೆಳ್ಳುಳ್ಳಿ ಘಮ ಇಲ್ಲ. ತಂಗಿ ಬರೋ ದಿನಾನೂ ಉಪವಾಸನಾ?’

‘ರುಚಿ ನೋಡೋದು ಮುಗೀಲಿ, ಆಮೇಲೆ ಬೆಳ್ಳುಳ್ಳಿ. ನಿನ್ನ ಹುಳಿ ವಾಸನೆ ತಗೊಂಡು ನೀನು ಆಚೆ ನಿಲ್ಲು.’

‘ಯಾರು ಸೋತ್ರೂ ನನಗೊಂದು ಕೂಗು ಹಾಕಿ. ಪೀಪಾಯಿ ತೊಳೆದು ಇಟ್ಟಿದೀನಿ.’

‘ಸೋಲೋದು ಯಾರು ಅಂತ ನಿನಗೆ ಗೊತ್ತಿಲ್ವಾ?’

‘ನನಗೇನ್ ಗೊತ್ತಮ್ಮ. ನನ್ನ ನಾಲಿಗೆ ಉಪ್ಪಿನಕಾಯಿ ಆಗಿ ಮೂವತ್ತು ವರ್ಷ ಆಯ್ತು,’ ಎಂದು ರೇಮೋ ನಗುತ್ತ ಹೋದ.

ಹನ್ನೊಂದರ ಬಸ್ಸಿಗೆ ವಿಲ್ಮಾ ಬಂದಳು. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವಳು ಅಂಗಳದ ಅರ್ಧಕ್ಕೆ ಬರುವ ತನಕ ಬರೀ ಹೆಜ್ಜೆಯ ಸದ್ದು. ಕಂಡಾಗ ಕ್ಲೇಲಿಯಾಗೆ ತಕ್ಷಣ ಗುರುತು ಸಿಗಲಿಲ್ಲ. ದುಂಡುದುಂಡಗೆ ಇದ್ದವಳು ಕೋಟಿನೊಳಗೆ ಎಲ್ಲಿದ್ದಾಳೆಂದು ಹುಡುಕಬೇಕಾಗಿತ್ತು.

‘ಸಣ್ಣಗಾಗಿದೀಯ.’

‘ಊಟ ಸೇರಲ್ಲ,’ ಎಂದಳು ವಿಲ್ಮಾ. ಕೋಟು ತೆಗೆಯದೆ ಮೇಜಿನ ಮುಂದೆ ಕೂತಳು. ತಾನು ಹುಟ್ಟಿ ಬೆಳೆದ ಅಡುಗೆಮನೆಯಲ್ಲಿ, ನೆಂಟಸ್ತಿಕೆ ಮುಗಿಸಿ ಹೊರಡಲು ಎದ್ದವಳ ಹಾಗೆ, ಕುರ್ಚಿಯ ತುದಿಯಲ್ಲಿ.

ಕ್ಲೇಲಿಯಾ ಬಿಳಿ ಬಟ್ಟೆ ಹಾಸಿ, ದೊಡ್ಡ ಹೊಟ್ಟೆಯ ನಾಲ್ಕು ಗ್ಲಾಸು ಇಟ್ಟು, ಇಬ್ಬರಿಗೂ ಎರಡೆರಡು ಬಗ್ಗಿಸಿದಳು. ಎಡಗಡೆ ತನ್ನದು, ಬಲಗಡೆ ತಂಗಿಯದು. ವಿಲ್ಮಾ ಗ್ಲಾಸು ಮುಟ್ಟಲಿಲ್ಲ.

‘ನೀನೇ ನೋಡಿ ಹೇಳ್ಬೇಕು ಅಕ್ಕ. ನನ್ನ ಮೂಗು ಹೋಗಿದೆ.’

‘ಹೋಗಿದೆ ಅಂದ್ರೆ?’

‘ಹೋದ ವರ್ಷ ಕೊರೋನಾ ಬಂದಾಗ ಹೋಗಿದ್ದು, ವಾಪಸ್ ಬಂದಿಲ್ಲ. ಡಾಕ್ಟರು ಮೊದಲು ಬರತ್ತೆ ಅಂದ್ರು, ಆಮೇಲೆ ಬರಬಹುದು ಅಂದ್ರು, ಈಗ ನಾನು ಕೇಳಿದ್ರೆ ಬಿಪಿ ಮಾತಾಡ್ತಾರೆ. ಅಂಗಡಿ ಕೆಲಸಾನೂ ಬಿಟ್ಟೆ. ಒಲೆ ಮೇಲೆ ಹಾಲು ಸೀದು ಹೋಗ್ತಿದ್ರೂ ಗೊತ್ತಾಗದೆ ಕೂತಿರ್ತೀನಿ.’ ಅವಳು ಎರಡು ಗ್ಲಾಸಿನಿಂದಲೂ ಒಂದೊಂದು ಗುಟುಕು ಕುಡಿದು ತೋರಿಸಿದಳು. ‘ಹುಳಿ ಗೊತ್ತಾಗತ್ತೆ, ಒಗರು ಗೊತ್ತಾಗತ್ತೆ. ಅಷ್ಟೇ. ಮಿಕ್ಕಿದ್ದು ಬಣ್ಣದ ನೀರು.’

‘ಹಾಗಿದ್ರೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬರಬೇಕಿತ್ತು. ಆಲ್ಬಾ ಪೇಟೇಲಿ ರುಚಿ ನೋಡಿ ಹೇಳೋರು ಬೀದಿಗೊಬ್ಬರು ಇದಾರೆ.’

‘ನಿನ್ನ ಬಾಯಿ ಕೆಟ್ಟದ್ದು ಅಕ್ಕ, ಆದ್ರೆ ಸುಳ್ಳಿನ ಬಾಯಲ್ಲ. ಅವತ್ತು ಉಗಿದೆಯಲ್ಲ, ಆಗ ಅದು ನಿಜಕ್ಕೂ ಮರದ ಪುಡೀನೇ. ನನಗೂ ಗೊತ್ತಿತ್ತು. ಈಗ ಏನಾಗಿದೆ ನೀನೇ ಹೇಳು. ನಾನು ಇನ್ನೊಬ್ಬರನ್ನ ಕೇಳಲ್ಲ.’

ಕ್ಲೇಲಿಯಾ ಮೊದಲು ತನ್ನದನ್ನು ಎತ್ತಿಕೊಂಡಳು. ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ನೋಡಿದರೆ ಅಂಚಿನಿಂದ ನಡುವಿನ ತನಕ ತುಕ್ಕಿನ ಬಣ್ಣ. ಮೂಗಿಗೆ ಒದ್ದೆ ರಟ್ಟು, ನಿನ್ನೆಯ ಸಾರು. ಈ ವಾಸನೆ ಅವಳಿಗೆ ಹಳೆಯ ಪರಿಚಯ. ಇದಕ್ಕೇ ಅವಳು ಇಷ್ಟು ವರ್ಷ ನಿದ್ದೆ ಎಂದು ಹೆಸರಿಟ್ಟಿದ್ದು. ಬಾಯಿಯಲ್ಲಿ ಒಗರು ಮಾತ್ರ ಗಟ್ಟಿಯಾಗಿ ನಿಂತಿತ್ತು, ಅದರ ಸುತ್ತ ಇರಬೇಕಾದ್ದೆಲ್ಲ ಖಾಲಿ.

ಆಮೇಲೆ ತಂಗಿಯದು. ನಡುವೆ ದಾಳಿಂಬೆ ಕಾಳಿನ ಕೆಂಪು, ಅಂಚಿನಲ್ಲಷ್ಟೇ ಕಿತ್ತಳೆಯ ಎಳೆ. ಗ್ಲಾಸನ್ನು ಒಂದು ಸುತ್ತು ತಿರುಗಿಸಿ ಮೂಗು ಹಾಕಿದಳು. ಮರದ ಪುಡಿ ಎಲ್ಲೂ ಇರಲಿಲ್ಲ. ಅದು ಯಾವಾಗಲೋ ಕರಗಿ ವೈನೇ ಆಗಿಹೋಗಿತ್ತು. ಒಣಗಿದ ಗುಲಾಬಿ ಬಂತು, ಅದರ ಹಿಂದೆ ಬಿಸಿಲಿಗೆ ಕಾದ ಡಾಂಬರು, ಕಿತ್ತಳೆ ಸಿಪ್ಪೆ, ಮಳೆ ಬಿದ್ದ ಮೇಲಿನ ಕಾಡಿನ ನೆಲ. ಕುಡಿದರೆ ಒಗರು ನಾಲಿಗೆಯನ್ನು ಕಚ್ಚದೆ ಸವರಿಕೊಂಡು ಹೋಯಿತು. ನುಂಗಿದ ಮೇಲೂ ಬಹಳ ಹೊತ್ತು ಹೋಗದೆ ಉಳಿಯಿತು. ಐವತ್ತು ವರ್ಷದಿಂದ ಈ ದ್ರಾಕ್ಷಿಯ ಜೊತೆ ಬದುಕಿದವಳು ಇಂಥದ್ದನ್ನು ಕುಡಿದದ್ದು ಮೂರೋ ನಾಲ್ಕೋ ಸಲ. ಪಕ್ಕದಲ್ಲಿ ಒಂದು ಎದ್ದು ಕೂತದ್ದನ್ನು ಕಂಡ ಮೇಲೆ, ಮತ್ತೊಂದು ಮಲಗಿಲ್ಲ, ಸತ್ತು ಎಷ್ಟೋ ವರ್ಷವಾಗಿದೆ ಎಂದು ತಿಳಿಯಲು ಎರಡನೇ ಗುಟುಕು ಬೇಕಾಗಲಿಲ್ಲ.

ತಂಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಕ್ಲೇಲಿಯಾಗೆ ಭಯವಾಯಿತು. ಇದು ಗೆದ್ದಿದೆ ಎಂದರೆ ಹತ್ತೊಂಬತ್ತು ಹಾಳೆಗಳ ಹಿಂದೆ ಬರೆದದ್ದು ಸುಳ್ಳು, ಈಸ್ಟರ್ ದಿನ ಉಗಿದದ್ದು ತಪ್ಪು, ಈ ಮನೆಯಲ್ಲಿ ಒಬ್ಬಳೇ ಕೂತು ಉಂಡ ಊಟವೆಲ್ಲ ದಂಡ. ಅಷ್ಟನ್ನೆಲ್ಲ ಒಂದೇ ಬಾರಿಗೆ ಹೊರುವ ಶಕ್ತಿ ಅವಳಲ್ಲಿ ಇರಲಿಲ್ಲ.

‘ನನ್ನದು,’ ಎಂದಳು.

ವಿಲ್ಮಾ ತಲೆ ತಗ್ಗಿಸಿದಳು. ‘ನನ್ನದು ಪೂರ್ತಿ ಹೋಗಿದೆಯಾ?’

‘ಹೋಗಿದೆ.’

‘ಮರ?’

‘ಮರ ಒಂದೇ ಉಳಿದಿರೋದು.’ ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ವಿಲ್ಮಾ ಎದ್ದು ನಿಂತಳು. ಕೋಟಿನ ಗುಂಡಿ ಸರಿಮಾಡಿಕೊಂಡು, ಅಕ್ಕನ ಮುಖ ನೋಡಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದಳು: ‘ನೀನೇ ಸರಿ ಅಕ್ಕ. ನಾನು ತಪ್ಪು.’

ಇಪ್ಪತ್ತೆರಡು ವರ್ಷ ಕ್ಲೇಲಿಯಾ ಈ ಮಾತನ್ನು ಎಷ್ಟು ಬಗೆಯಲ್ಲಿ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದಳು. ಬಳ್ಳಿ ಕತ್ತರಿಸುವಾಗ, ಪಾತ್ರೆ ತೊಳೆಯುವಾಗ, ನಿದ್ದೆ ಬಾರದಾಗ. ಒಂದೊಂದು ಸಲ ತಾನು ದೊಡ್ಡ ಮನಸ್ಸು ಮಾಡಿ ‘ಹೋಗ್ಲಿ ಬಿಡು’ ಎನ್ನುವುದನ್ನೂ ಸೇರಿಸಿಕೊಂಡಿದ್ದಳು. ಈಗ ಆ ಮಾತು ಬಂದು ಮೇಜಿನ ಮೇಲೆ ಕೂತಿತು, ಅವಳಿಗೆ ಅದನ್ನು ಏನು ಮಾಡುವುದೆಂದೇ ತಿಳಿಯಲಿಲ್ಲ. ಎದ್ದು ಒಲೆ ಹಚ್ಚಿದಳು.

ಮಣ್ಣಿನ ಕುಡಿಕೆಯಲ್ಲಿ ಎಣ್ಣೆ, ಬೆಳ್ಳುಳ್ಳಿ, ಉಪ್ಪುಮೀನು ಕುದಿಸಿ, ಬಿಸಿ ಆರದಂತೆ ಪುಟ್ಟ ಒಲೆಯೊಂದರ ಮೇಲೆ ಮೇಜಿನ ನಡುವೆ ಇಟ್ಟಳು. ಕೋಸು, ದಪ್ಪ ಮೆಣಸಿನಕಾಯಿ ಹೆಚ್ಚಿಟ್ಟಳು. ಬೆಳ್ಳುಳ್ಳಿಯ ಘಮ ಅಂಗಳ ದಾಟಿ ರೇಮೋನ ಮನೆಯ ತನಕ ಹೋಗಿರಬೇಕು. ವಿಲ್ಮಾ ಎರಡು ಹೋಳು ಅದ್ದಿಕೊಂಡು ತಿಂದಳು.

‘ಬಿಸಿಯಾಗಿದೆ,’ ಎಂದಳು. ಅಡುಗೆಯ ಬಗ್ಗೆ ಅವಳು ಹೇಳಬಹುದಾದದ್ದು ಅಷ್ಟೇ.

ಪ್ರತಿ ತುತ್ತಿಗೂ ಕ್ಲೇಲಿಯಾ ಈಗ ಹೇಳುತ್ತೇನೆ ಅಂದುಕೊಂಡಳು. ಮಾತು ಗಂಟಲ ತನಕ ಬಂದು ಮೆಣಸಿನಕಾಯಿ ಹೋಳಿನ ಜೊತೆ ವಾಪಸು ಒಳಗೆ ಹೋಗುತ್ತಿತ್ತು. ಕಡೆಗೆ ಬಾಯಿಬಿಟ್ಟು ಕೇಳಿದ್ದು ಬೇರೆಯೇ.

‘ಇವತ್ತು ಉಳ್ಕೊ. ಮೇಲಿನ ರೂಮಲ್ಲಿ ಹಾಸಿಗೆ ಹಾಕಿದೀನಿ.’

‘ಉಳಿದು ಏನ್ ಮಾಡ್ಲಿ ಅಕ್ಕ.’ ವಿಲ್ಮಾ ಕೈ ಒರೆಸಿಕೊಂಡಳು. ‘ನಿಜ ಹೇಳ್ತೀನಿ, ಬಸ್ಸಲ್ಲಿ ಬರ್ತಾ ಯೋಚ್ನೆ ಮಾಡ್ತಿದ್ದೆ. ವೈನ್ ಏನಾದ್ರೂ ಬದುಕಿದ್ರೆ ಇಲ್ಲಿಗೇ ಬಂದುಬಿಡೋಣ ಅಂತ. ಟ್ಯೂರಿನ್ನಲ್ಲಿ ನನಗೆ ಯಾರಿದಾರೆ. ವಾರಕ್ಕೊಂದು ಬಾಟ್ಲಿ ತೆಗೆದ್ರೂ ಐದಾರು ವರ್ಷಕ್ಕೆ ಆಗ್ತಿತ್ತು. ನೀನು ಕುಡೀತಿದ್ದೆ, ನಾನು ನೋಡ್ಕೊಂಡು ಕೂತಿರ್ತಿದ್ದೆ.’

ಕ್ಲೇಲಿಯಾ ಕುಡಿಕೆಯ ಕೆಳಗಿನ ಬೆಂಕಿ ಆರಿಸಿದಳು. ಈಗ ಹೇಳಿದರೆ, ಜೊತೆಗೆ ಯಾರಾದರೂ ಬೇಕೆಂಬ ಆಸೆಗೆ ಅಕ್ಕ ಮಾತು ಬದಲಿಸಿದಳು ಎಂದು ತಂಗಿ ಅಂದುಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನೆಪ ಎಂದೂ ಅವಳಿಗೆ ಗೊತ್ತಿತ್ತು.

ಮೂರೂವರೆಯ ಬಸ್ಸಿಗೆ ವಿಲ್ಮಾ ಹೊರಟಳು. ‘ಆ ಗೂಡು ಖಾಲಿ ಮಾಡಿಸ್ಕೊ. ಹೋಗ್ತಾ ರೇಮೋಗೆ ಹೇಳಿ ಹೋಗ್ತೀನಿ,’ ಎಂದಳು. ಅಂಗಳದ ಅರ್ಧಕ್ಕೆ ಹೋಗುವಷ್ಟರಲ್ಲಿ ಮಂಜು ಅವಳನ್ನು ಮುಚ್ಚಿಕೊಂಡಿತು. ಹೆಜ್ಜೆಯ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಇಲ್ಲ.

ಮರುದಿನ ಬೆಳಿಗ್ಗೆ ಎರಡು ಬಾಟಲಿಯಲ್ಲೂ ಅರ್ಧರ್ಧ ಉಳಿದಿತ್ತು. ಹಳೆಯ ನೆಬ್ಬಿಯೋಲೋದ ನಿಜವಾದ ಪರೀಕ್ಷೆ ಎರಡನೆಯ ದಿನದ್ದು. ಗಾಳಿಗೆ ಒಂದು ರಾತ್ರಿ ಬಿಟ್ಟ ಮೇಲೂ ನಿಂತರೆ ಅದು ವೈನು. ಕ್ಲೇಲಿಯಾ ತನ್ನ ಬಾಟಲಿಗೆ ಮೂಗು ಹಾಕಿ, ಅದನ್ನು ಬಚ್ಚಲಿಗೆ ಸುರಿದಳು. ತಂಗಿಯದನ್ನು ಬಗ್ಗಿಸಿದಳು. ಅದು ನಿನ್ನೆಗಿಂತ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದನ್ನು ಬಾಯಲ್ಲಿ ಇಟ್ಟುಕೊಂಡು ಅವಳು ಸುತ್ತ ನೋಡಿದಳು, ಯಾರಿಗಾದರೂ ಹೇಳಬೇಕು ಅನ್ನಿಸಿ. ಒಲೆ, ಕ್ಯಾಲೆಂಡರು, ನಿನ್ನೆ ತಂಗಿ ಕೂತಿದ್ದ ಕುರ್ಚಿ. ಅಷ್ಟು ಒಳ್ಳೆಯ ವೈನನ್ನು ಹಾಗೆ ಒಬ್ಬಳೇ ಕುಡಿಯುವುದು ಅವಳ ಕೈಲಾಗಲಿಲ್ಲ, ಗ್ಲಾಸು ಕೆಳಗಿಟ್ಟಳು.

ಒಂಬತ್ತಕ್ಕೆ ರೇಮೋ ತನ್ನ ಮೂರು ಚಕ್ರದ ಗಾಡಿಯಲ್ಲಿ ಪೀಪಾಯಿ ಹೇರಿಕೊಂಡು ಬಂದ.

‘ವಿಲ್ಮಾ ಹೇಳಿ ಹೋದ್ಲು. ಕೊನೇ ಗೂಡಂತೆ. ಬೀಗ ತೆಗೀರಿ.’

‘ಬೇಡ, ವಾಪಸ್ ಹೋಗು.’

‘ಯಾಕೆ ತೋತಾ? ಅವಳ ಮಾಲು, ಅವಳೇ ಹೇಳಿದಾಳೆ. ಸತ್ತಿದ್ದನ್ನ ಇಟ್ಕೊಂಡು ಪೂಜೆ ಮಾಡ್ತೀರಾ?’

‘ಸತ್ತಿಲ್ಲ ರೇಮೋ. ನಾನು ಸುಳ್ಳು ಹೇಳಿದೆ.’

ರೇಮೋನ ಬಾಯಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿದ್ದ ತಮಾಷೆ ಅವತ್ತು ಬರಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ‘ನನಗ್ಯಾಕೆ ಹೇಳ್ತೀರಿ,’ ಎಂದು ಮೆಲ್ಲಗೆ ಅಂದು, ಗಾಡಿ ತಿರುಗಿಸಿಕೊಂಡು ಹೋದ.

ಕ್ಲೇಲಿಯಾ ಗ್ಲಾಸನ್ನು ಫೋನಿನ ಪಕ್ಕಕ್ಕೆ ತಂದಿಟ್ಟುಕೊಂಡು ಟ್ಯೂರಿನ್ನಿನ ನಂಬರು ತಿರುಗಿಸಿದಳು. ವಿಲ್ಮಾ ಎತ್ತಿದ ಕೂಡಲೇ, ಧೈರ್ಯ ಕೈಕೊಡುವ ಮುಂಚೆ, ಒಂದೇ ಉಸಿರಿಗೆ ಹೇಳಿದಳು. ನಿನ್ನದು ಗೆದ್ದದ್ದು. ನನ್ನದು ಸತ್ತು ಎಷ್ಟೋ ವರ್ಷವಾಗಿದೆ. ನೋಡಿದ ತಕ್ಷಣ ನನಗೆ ಗೊತ್ತಾಯಿತು, ಗೊತ್ತಾಗಿಯೇ ಸುಳ್ಳು ಹೇಳಿದೆ. ನೀನೇ ಸರಿ, ನಾನು ತಪ್ಪು.

‘ಎಷ್ಟು ಚೆನ್ನಾಗಿದೆ?’ ಎಂದು ಕೇಳಿದಳು ವಿಲ್ಮಾ.

‘ಅಪ್ಪ ಇಂಥದ್ದು ಯಾವತ್ತೂ ಮಾಡ್ಲಿಲ್ಲ.’

‘ಯಾವಾಗಿಂದ ಹೀಗಿದ್ದಿರಬಹುದು?’

ಕ್ಲೇಲಿಯಾಗೆ ಸುಳ್ಳು ಹೇಳುವ ಆಸೆ ಮತ್ತೆ ಬಂತು. ಈ ಸಲ ತನಗಾಗಿ ಅಲ್ಲ. ಆದರೂ ಹೇಳಲಿಲ್ಲ. ‘ಹತ್ತು ವರ್ಷದಿಂದ ಕುಡಿಯೋ ಹಾಗಿದ್ದಿರತ್ತೆ,’ ಎಂದಳು.

‘ಹೋದ ವರ್ಷದವರೆಗೂ ನನಗ್ ಮೂಗಿತ್ತಲ್ಲ ಅಕ್ಕ,’ ಎಂದಳು ವಿಲ್ಮಾ. ‘ಎಲ್ಲಿ ಇಟ್ಟಿದೀನಿ ಅಂತಾನೂ ಗೊತ್ತಿತ್ತು. ಒಂದೇ ಒಂದು ಬಾಟ್ಲಿ ತೆಗೀಬಹುದಿತ್ತು. ಹಟಕ್ಕೆ ಬಿದ್ದು ತೆಗೀಲಿಲ್ಲ.’

ಕ್ಷಮಿಸು ಎಂಬ ಮಾತು ಇಷ್ಟು ದೊಡ್ಡದಕ್ಕೆ ಸಾಲುವುದಿಲ್ಲ ಎಂದು ಕ್ಲೇಲಿಯಾಗೆ ಅನ್ನಿಸಿತು.

‘ಗ್ಲಾಸು ಹತ್ರ ಇದೆಯಾ?’

‘ಇದೆ.’

‘ಹಾಗಿದ್ರೆ ಹೇಳು. ಬಿಡಿಸಿ ಹೇಳು. ಊರವರ ಹಾಗೆ ಮಲಗಿದೆ ಎದ್ದಿದೆ ಅಂತ ಒಂದು ಮಾತಲ್ಲಿ ಮುಗಿಸ್ಬೇಡ.’

ಕ್ಲೇಲಿಯಾ ಗ್ಲಾಸಿಗೆ ಮೂಗಿಟ್ಟು ಹೇಳತೊಡಗಿದಳು. ಗುಲಾಬಿ, ಆದರೆ ತಾಜಾ ಅಲ್ಲ. ಅಮ್ಮ ಬೀರುವಿನಲ್ಲಿ ಬಟ್ಟೆಗಳ ನಡುವೆ ಇಡುತ್ತಿದ್ದಳಲ್ಲ, ಅದು. ಆಗಸ್ಟಿನಲ್ಲಿ ರಸ್ತೆ ಮೆತ್ತಗಾಗಿ ನಮ್ಮ ಚಪ್ಪಲಿಗೆ ಅಂಟುತ್ತಿದ್ದ ಡಾಂಬರು. ಒಲೆಯ ಮೇಲೆ ಒಣಗಲು ಹಾಕಿದ ಕಿತ್ತಳೆ ಸಿಪ್ಪೆ. ಆಮೇಲೆ ತೋಟದ ಕೆಳಗಿನ ಕಾಡಿನಲ್ಲಿ ಅಣಬೆಗೆ ಹೋದಾಗ ಎಲೆ ಸರಿಸಿದ ಕೂಡಲೇ ಏಳುತ್ತಿದ್ದ ವಾಸನೆ.

‘ಮೇಲಿನ ಎಲೆದೋ, ಕೆಳಗಿನ ಒದ್ದೆ ಎಲೆದೋ?’ ಎಂದು ವಿಲ್ಮಾ ಕೇಳಿದಳು.

‘ಕೆಳಗಿಂದು. ಒದ್ದೇದು.’

‘ಆಮೇಲೆ?’

ಕ್ಲೇಲಿಯಾ ಹೇಳುತ್ತ ಹೋದಳು. ತಂಗಿಯೊಡನೆ ಅವಳು ಇಷ್ಟು ಮಾತಾಡಿದ್ದು ಅಪ್ಪ ಹೋದ ಮೇಲೆ ಇದೇ ಮೊದಲು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ‘ಆಮೇಲೆ’ ಬರುವುದು ನಿಂತಿತು. ಫೋನಿನಲ್ಲಿ ಮೂಗೆಳೆಯುವ ಸದ್ದು ಮಾತ್ರ ಕೇಳಿಸುತ್ತಿತ್ತು, ಸ್ವಲ್ಪ ಬಿಟ್ಟು ಮತ್ತೊಮ್ಮೆ, ಇನ್ನೊಮ್ಮೆ. ತಂಗಿ ಅಳುತ್ತಿದ್ದಾಳೆ ಎಂದುಕೊಂಡು ಕ್ಲೇಲಿಯಾ ಮಾತು ನಿಲ್ಲಿಸಿದಳು.

‘ನಿಲ್ಲಿಸ್ಬೇಡ,’ ಎಂದಳು ವಿಲ್ಮಾ. ಅವಳ ದನಿಯಲ್ಲಿ ಅಳು ಇರಲಿಲ್ಲ.

ಆಗ ಕ್ಲೇಲಿಯಾಗೆ ತಿಳಿಯಿತು. ಟ್ಯೂರಿನ್ನಿನ ಆ ಮನೆಯಲ್ಲಿ ವಿಲ್ಮಾ ಒಬ್ಬಳೇ ಕೂತು, ಅಕ್ಕ ಹೇಳಿದ ಒಂದೊಂದು ವಾಸನೆಗೂ ಉಸಿರೆಳೆದುಕೊಂಡು ಮೂಸಿ ನೋಡುತ್ತಿದ್ದಳು.